ಕಲ್ಲುನೆಲಕ್ಕೊಂದು ಕಾಲ್ನೇಗಿಲು

ಸ್ಕಾಟ್ಲೆಂಡಿನ ಗುಡ್ಡಗಾಡಿನ ಸಣ್ಣ ಕೃಷಿಕರು ಕುದುರೆ ಇಲ್ಲದೆ ಉತ್ತರು, ಗಾಡಿ ಇಲ್ಲದೆ ಗೊಬ್ಬರ ಸಾಗಿಸಿದರು, ಮರವೇ ಇಲ್ಲದ ಊರಲ್ಲಿ ವರ್ಷವಿಡೀ ಒಲೆ ಉರಿಸಿದರು. ಅವರ ಕೈಲಿದ್ದ ಸಲಕರಣೆಗಳ ಪರಿಚಯ ಇಲ್ಲಿದೆ.

ನೇಗಿಲು ಅಂದ ಕೂಡಲೇ ಎತ್ತು ಕಣ್ಣೆದುರು ಬರುತ್ತದೆ. ಇಲ್ಲವಾದರೆ ಟಿಲ್ಲರ್, ಟ್ರ್ಯಾಕ್ಟರ್. ಆದರೆ ಹೊಲ ಅಂದರೆ ಎರಡು ಬಂಡೆಗಳ ನಡುವಿನ ಹತ್ತು ಹೆಜ್ಜೆ ಜಾಗ, ಅದರಲ್ಲೂ ಗೇಣುದ್ದ ಮಣ್ಣು, ಅದರ ಕೆಳಗೆ ಮತ್ತೆ ಕಲ್ಲು ಅಂತಾದರೆ? ಎತ್ತು ತಿರುಗಿಸಲು ಜಾಗವಿಲ್ಲ, ಸಾಕಲು ಹುಲ್ಲೂ ಇಲ್ಲ. ಅಲ್ಲಿ ಉಳುವುದು ಹೇಗೆ?

ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್ ಪ್ರದೇಶದ ರೈತರು ಇದಕ್ಕೆ ಕಂಡುಕೊಂಡ ಉತ್ತರ, ಕಾಲಿನಿಂದ ಉಳುವ ನೇಗಿಲು. ಒಬ್ಬ ಮನುಷ್ಯ, ಒಂದು ಡೊಂಕು ಮರ, ತುದಿಗೊಂದು ಕಬ್ಬಿಣದ ಪಟ್ಟಿ. ಅಷ್ಟೆ.

ಹೈಲ್ಯಾಂಡ್ಸ್ ಎಂದರೆ ಬ್ರಿಟನ್ನಿನ ಉತ್ತರ ತುದಿಯ ಗುಡ್ಡಗಾಡು. ಅದರ ಪಶ್ಚಿಮಕ್ಕೆ ಸಮುದ್ರದಲ್ಲಿ ಸ್ಕೈ, ಲೂಯಿಸ್, ಹ್ಯಾರಿಸ್, ಯೂಯಿಸ್ಟ್ ಮುಂತಾದ ದ್ವೀಪಗಳಿವೆ. ಜನರ ಹಳೆಯ ಭಾಷೆ ಗೇಲಿಕ್. ಇಲ್ಲಿನ ಸಣ್ಣ ಹಿಡುವಳಿಗೆ 'ಕ್ರಾಫ್ಟ್' ಎನ್ನುತ್ತಾರೆ, ಅದನ್ನು ಮಾಡುವವರು ಕ್ರಾಫ್ಟರ್‌ಗಳು. ಕೆಲವೇ ಎಕರೆ ಸಾಗುವಳಿ ಜಾಗ, ಜತೆಗೆ ಊರಿಗೆಲ್ಲ ಸೇರಿದ ಗುಡ್ಡದ ಗೋಮಾಳ. ಮಳೆಗೇನೂ ಕೊರತೆಯಿಲ್ಲ. ಆದರೆ ಚಳಿಪ್ರದೇಶವಾದ್ದರಿಂದ ಬಿದ್ದ ನೀರು ಆರುವುದಿಲ್ಲ. ಮಣ್ಣು ಹುಳಿ, ಬೇಸಿಗೆ ಸಣ್ಣದು, ಗಾಳಿ ಜೋರು. ಬೆಳೆಯುವುದು ಓಟ್ಸ್, ಬಾರ್ಲಿ ಮತ್ತು 18ನೇ ಶತಮಾನದಿಂದ ಈಚೆಗೆ ಆಲೂಗೆಡ್ಡೆ.

ಈ ಸೀಮೆಗೂ ನಮಗೂ ಒಂದು ಹಳೆಯ ನಂಟಿದೆ. ಟಿಪ್ಪು ಸುಲ್ತಾನ್ ಮಡಿದ ಬಳಿಕ 1800-01ರಲ್ಲಿ ಮೈಸೂರು, ಕೆನರಾ ಸೀಮೆಗಳನ್ನೆಲ್ಲ ಸುತ್ತಿ ನಮ್ಮ ಹೊಲ, ತೋಟ, ನೇಗಿಲು, ಕೂರಿಗೆಗಳ ಬಗ್ಗೆ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಹುಟ್ಟಿದ್ದು ಹೈಲ್ಯಾಂಡ್ಸ್‌ನ ಬಾಗಿಲಲ್ಲಿರುವ ಕ್ಯಾಲಂಡರ್ ಎಂಬ ಊರಿನ ಬಳಿ. ಕೈಫಿಯತ್ತುಗಳನ್ನು ಸಂಗ್ರಹಿಸಿದ, ಮೈಸೂರು ಸೀಮೆಯ ಸರ್ವೆ ಮಾಡಿದ ಕಾಲಿನ್ ಮೆಕೆಂಜಿ ಲೂಯಿಸ್ ದ್ವೀಪದವನು. ನಮ್ಮ ನೇಗಿಲಿನ ವಿವರ ಅವರ ಕಡೆಯವರ ಪುಸ್ತಕದಲ್ಲಿದೆ. ಅವರ ನೇಗಿಲನ್ನು ನಾವೂ ಒಮ್ಮೆ ನೋಡೋಣ.

ಹಿಂದಕ್ಕೆ ನಡೆಯುತ್ತ ಉಳುವುದು

ಕಾಲ್ನೇಗಿಲಿಗೆ ಗೇಲಿಕ್‌ನಲ್ಲಿ 'ಕಾಸ್ ಕ್ರೋಮ್' ಎಂದು ಹೆಸರು. ಡೊಂಕು ಕಾಲು ಎಂದೇ ಅದರ ಅರ್ಥ. ಸುಮಾರು ಐದೂವರೆ ಆರು ಅಡಿ ಉದ್ದದ ಹಿಡಿ. ಅದರ ಬುಡ ಬಾಗಿ, ಮೂರು ಅಡಿಗಿಂತ ಸ್ವಲ್ಪ ಕಡಿಮೆ ಉದ್ದದ, ದಪ್ಪನೆಯ ಚಪ್ಪಟೆ ಪಾದವಾಗುತ್ತದೆ. ಪಾದದ ತುದಿಗೆ ಕಬ್ಬಿಣದ ಬಾಯಿ. ಬಾಗಿದ ಕಡೆ, ಬಲಬದಿಗೆ ಒಂದು ಗೂಟ ಹೊಡೆದಿರುತ್ತಾರೆ. ಅದು ಕಾಲಿಡಲು. ಸ್ವಾಭಾವಿಕವಾಗಿ ಬಾಗಿ ಬೆಳೆದ ಮರ ಸಿಕ್ಕಿದರೆ ಬಹಳ ಒಳ್ಳೆಯದು. ಜೋಡಿಸಿದ್ದಕ್ಕಿಂತ ಅದು ಬಾಳಿಕೆ ಬರುತ್ತದೆ.

ಕೆಲಸ ಹೀಗೆ: ಗೂಟದ ಮೇಲೆ ಬಲಗಾಲಿಟ್ಟು ಮೈಭಾರ ಹಾಕಿ ಒತ್ತಿದರೆ ಬಾಯಿ ಓರೆಯಾಗಿ ನೆಲದೊಳಗೆ ನುಗ್ಗುತ್ತದೆ. ಮತ್ತೆ ಹಿಡಿಯನ್ನು ಕೆಳಕ್ಕೆ ಅದುಮಬೇಕು. ಡೊಂಕಿನ ಜಾಗವೇ ನೆಲಕ್ಕೆ ಊರಿ ಆಧಾರವಾಗುತ್ತದೆ, ಮುಂದಿನ ಹೆಂಟೆ ಮೇಲೇಳುತ್ತದೆ. ಒಂದು ತಿರುವು ಕೊಟ್ಟು ಅದನ್ನು ಎಡಬದಿಗೆ ಮಗುಚಿ ಹಾಕುವುದು. ಒಂದು ಹೆಜ್ಜೆ ಹಿಂದೆ, ಮತ್ತೆ ಒತ್ತುವುದು. ಹಿಡಿಯ ಉದ್ದ ಪಾದದ ಎರಡು ಪಟ್ಟು ಇರುವುದರಿಂದ ಕೈ ಹಾಕಿದ ಬಲ ತುದಿಯಲ್ಲಿ ಸುಮಾರು ಎರಡು ಪಟ್ಟಾಗುತ್ತದೆ. ಹಾರೆಕೋಲಿನಿಂದ ಕಲ್ಲು ಮೀಟುವವರಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಮಣ್ಣಿನಡಿ ಕಲ್ಲು ಸಿಕ್ಕಿದರೆ ಇದೇ ನೇಗಿಲು ಅದನ್ನೂ ಮೀಟಿ ಮೇಲೆ ತರುತ್ತಿತ್ತು.

ಹಿಂದಕ್ಕೆ ನಡೆಯುವುದರಲ್ಲೂ ಲಾಭವಿದೆ. ಮಗುಚಿದ ಮಣ್ಣನ್ನು ಮತ್ತೆ ತುಳಿಯಬೇಕಾಗಿಲ್ಲ. ಯಾವಾಗಲೂ ತೇವವಾಗಿರುವ ಮಣ್ಣು ಒಮ್ಮೆ ತುಳಿತಕ್ಕೆ ಸಿಕ್ಕಿದರೆ ಗಟ್ಟಿ ಹೆಂಟೆ ಆಗಿಬಿಡುತ್ತದೆ. ಇದು ನಮ್ಮ ಗದ್ದೆಯವರಿಗೂ ಗೊತ್ತಿರುವ ವಿಷಯ.

ಹೊಸ ವರ್ಷ ಕಳೆದ ಮೇಲೆ ಶುರು ಮಾಡಿದರೆ ಏಪ್ರಿಲ್ ಹೊತ್ತಿಗೆ ಒಬ್ಬ ಗಟ್ಟಿಗ ಮನೆಮಂದಿಯ ಊಟಕ್ಕೆ ಬೇಕಾದಷ್ಟು ಜಾಗ ಉತ್ತು ಮುಗಿಸುತ್ತಿದ್ದ. ಸಾದಾ ಗುದ್ದಲಿಗಿಂತ ಇದರ ಕೆಲಸ ಬೇಗ. ಕುದುರೆ ನೇಗಿಲು ಆ ನಾಡಿನಲ್ಲಿ ಇರಲಿಲ್ಲ ಎಂದಲ್ಲ. ಹಳೆಯ ಮರದ ನೇಗಿಲಿಗೆ ನಾಲ್ಕು ಕುದುರೆಗಳನ್ನು ಸಾಲಾಗಿ ಕಟ್ಟುತ್ತಿದ್ದರು. ಅವುಗಳನ್ನು ನಡೆಸಲು ಒಬ್ಬ, ನೇಗಿಲು ಹಿಡಿಯಲು ಇನ್ನೊಬ್ಬ. ಬಯಲಿನಲ್ಲಿ ಅದು ಸರಿ. ಬಂಡೆಗಳ ನಡುವಿನ ತುಂಡು ಜಾಗದಲ್ಲಿ ನಾಲ್ಕು ಕುದುರೆ ನಿಲ್ಲಿಸುವುದೆಲ್ಲಿ?

1773ರಲ್ಲಿ ಈ ದ್ವೀಪಗಳನ್ನು ಸುತ್ತಿದ ಇಂಗ್ಲಿಷ್ ಲೇಖಕ ಸ್ಯಾಮ್ಯುಯೆಲ್ ಜಾನ್ಸನ್ ಈ ಡೊಂಕು ಸಲಕರಣೆಯನ್ನು ನೋಡಿ ತನ್ನ ಪ್ರವಾಸ ಪುಸ್ತಕದಲ್ಲಿ ವಿವರಿಸಿದ್ದಾನೆ. ಇಂಥದ್ದನ್ನು ಹೊರಗಿನಿಂದ ಬಂದವರು 'ಹಿಂದುಳಿದ ಬೇಸಾಯ' ಎಂದು ಬರೆಯುವುದಿತ್ತು. ಆದರೂ 20ನೇ ಶತಮಾನದ ಆರಂಭದವರೆಗೂ ಕೆಲವು ದ್ವೀಪಗಳಲ್ಲಿ ಇದು ಕೆಲಸದಲ್ಲಿತ್ತು. ಯಾಕೆಂದರೆ ಆ ನೆಲಕ್ಕೆ ಅದಕ್ಕಿಂತ ಹೊಂದುವ ಬೇರೊಂದು ಬಂದಿರಲಿಲ್ಲ.

ಹೆಸರಿಗೆ ಸೋಮಾರಿ ಮಡಿ

ಕಾಲ್ನೇಗಿಲಿನಿಂದ ಮಾಡುತ್ತಿದ್ದುದು ಸಪಾಟು ಹೊಲವಲ್ಲ, ಎತ್ತರದ ಏರು ಮಡಿಗಳು. ಗೇಲಿಕ್‌ನಲ್ಲಿ 'ಫ್ಯಾನಗನ್'. ಇಂಗ್ಲಿಷಿನವರು ಇದಕ್ಕಿಟ್ಟ ಹೆಸರು 'ಲೇಜಿ ಬೆಡ್', ಅಂದರೆ ಸೋಮಾರಿ ಮಡಿ. ಮಡಿಯ ನಡುಭಾಗವನ್ನು ಅಗೆಯದೆ ಹಾಗೇ ಬಿಡುತ್ತಾರೆ ಎಂಬ ಕಾರಣಕ್ಕೆ ಈ ಹೆಸರು. ಮಾಡಿ ನೋಡಿದವರು ಯಾರೂ ಈ ಹೆಸರಿಡಲಿಕ್ಕಿಲ್ಲ.

ಮೊದಲು ಹುಲ್ಲುನೆಲದ ಮೇಲೆ ಉದ್ದಕ್ಕೆ ಒಂದು ಪಟ್ಟಿ ಗುರುತು ಮಾಡುವುದು. ಅದರ ಮೇಲೆ ಸಮುದ್ರದ ಪಾಚಿ ಅಥವಾ ಹಟ್ಟಿಗೊಬ್ಬರ ದಪ್ಪಗೆ ಹರಡುವುದು. ಆಮೇಲೆ ಪಟ್ಟಿಯ ಎರಡೂ ಬದಿಯಿಂದ ಹುಲ್ಲುಹೆಂಟೆ ಕಡಿದು ಗೊಬ್ಬರದ ಮೇಲೆ ಬೋರಲು ಹಾಕುವುದು. ಹೆಂಟೆ ಕಡಿದ ಜಾಗ ಚರಂಡಿಯಾಯಿತು, ನಡುವೆ ಮಡಿ ಎದ್ದಿತು.

ಇದರಿಂದ ನಾಲ್ಕು ಕೆಲಸ ಒಟ್ಟಿಗೆ ಆಗುತ್ತದೆ. ಗೇಣುದ್ದ ಇದ್ದ ಮಣ್ಣು ಎರಡು ಪಟ್ಟು ಆಳವಾಗುತ್ತದೆ. ಹೆಚ್ಚಿನ ನೀರು ಚರಂಡಿಗಿಳಿಯುತ್ತದೆ. ಎರಡು ಪದರ ಹುಲ್ಲು ಮತ್ತು ಪಾಚಿ ನಡುವೆ ಸಿಕ್ಕಿ ಅಲ್ಲೇ ಕೊಳೆಯುತ್ತವೆ. ಎದ್ದು ನಿಂತ ಮಣ್ಣು ಬೇಗ ಬೆಚ್ಚಗಾಗುತ್ತದೆ. ಚಳಿಸೀಮೆಯಲ್ಲಿ ಬೀಜ ಮೊಳೆಯಲು ಇದು ಬಹಳ ಮುಖ್ಯ. ಮೊದಲ ವರ್ಷ ಆಲೂಗೆಡ್ಡೆ, ಆಮೇಲೆ ಬಾರ್ಲಿ ಅಥವಾ ಓಟ್ಸ್.

ಸಮುದ್ರಪಾಚಿಯಲ್ಲಿ ಪೊಟ್ಯಾಷ್ ಧಾರಾಳ, ರಂಜಕ ಕಡಿಮೆ. ಆಲೂಗೆಡ್ಡೆಗೆ ಪೊಟ್ಯಾಷ್ ಬೇಕೇ ಬೇಕು. ಅಂತೂ ಚಳಿಗಾಲದ ಬಿರುಗಾಳಿ ದಡಕ್ಕೆ ತಂದು ಹಾಕುವ ಪಾಚಿಯೇ ಅವರ ಮುಖ್ಯ ಗೊಬ್ಬರ. ಹ್ಯಾರಿಸ್ ದ್ವೀಪದ ಪೂರ್ವ ಕರಾವಳಿಯಲ್ಲಿ ಬರೀ ಬಂಡೆಯ ನಡುವೆ ಚಾಪೆಯಷ್ಟಗಲದ ಮಡಿಗಳನ್ನೂ ಮಾಡಿದ್ದರು. ಅವುಗಳ ಗುರುತು ಗುಡ್ಡದ ಮೇಲೆ ಈಗಲೂ ಗೀಟು ಎಳೆದ ಹಾಗೆ ಕಾಣುತ್ತದೆ.

ಬೆನ್ನಿಗೊಂದು ಬುಟ್ಟಿ

ಈ ಪಾಚಿ ಮಡಿಗೆ ಬರುತ್ತಿದ್ದುದು ಜನರ ಬೆನ್ನ ಮೇಲೆ. ಹೆಚ್ಚಾಗಿ ಹೆಂಗಸರ ಬೆನ್ನ ಮೇಲೆ. ಅದಕ್ಕಿದ್ದ ಬುಟ್ಟಿಗೆ ಇಂಗ್ಲಿಷಿನಲ್ಲಿ 'ಕ್ರೀಲ್', ಗೇಲಿಕ್‌ನಲ್ಲಿ 'ಕ್ಲೀವ್'. ನೀರಂಚಿನಲ್ಲಿ ಬೆಳೆಯುವ ವಿಲ್ಲೋ ಗಿಡದ ಬಳುಕುವ ಕೋಲುಗಳಿಂದ ಹೆಣೆದದ್ದು.

ಇದನ್ನು ಹೆಣೆಯುವ ಕ್ರಮ ನಮ್ಮ ಬುಟ್ಟಿಗೆ ಉಲ್ಟಾ. ನಮ್ಮವರು ಬುಡದಿಂದ ಶುರು ಮಾಡಿ ಬಾಯಿಗೆ ಬರುತ್ತಾರೆ. ಅಲ್ಲಿ ದಪ್ಪ ಕೋಲುಗಳನ್ನು ನೆಲಕ್ಕೆ ಚುಚ್ಚಿ ನಿಲ್ಲಿಸಿ ಬಾಯಿಯಿಂದ ಆರಂಭಿಸಿ ಮೇಲಕ್ಕೆ ಹೆಣೆಯುತ್ತಾರೆ. ಕೊನೆಗೆ ಕೋಲುಗಳನ್ನು ಬಗ್ಗಿಸಿ ಬುಡ ಮುಚ್ಚುತ್ತಾರೆ. ಕಿತ್ತು ಮಗುಚಿದರೆ ಬುಟ್ಟಿ ತಯಾರು. ಹುಲ್ಲುನೆಲವೇ ಅಚ್ಚು. ನಡುವಿನಲ್ಲಿ ಒಂದು ಸುತ್ತು ಹೆಣೆಯದೆ ಬಿಡುತ್ತಾರೆ. ಹಗ್ಗ ಕಟ್ಟಲು, ಕೈಹಾಕಿ ಎತ್ತಲು ಆ ಕಿಂಡಿ. ಹಗ್ಗ ಎದೆಯ ಮೇಲಿಂದ ಹಾದು ಭಾರ ಹೊರುತ್ತದೆ, ಎರಡೂ ಕೈ ಖಾಲಿ.

ಕುದುರೆಯ ಎರಡೂ ಬದಿಗೆ ಇಳಿಬಿಡುವ ಗೊಬ್ಬರದ ಬುಟ್ಟಿಗಳಲ್ಲಿ ಇನ್ನೊಂದು ಉಪಾಯ ಇತ್ತು. ಬುಡವನ್ನು ಬಾಗಿಲಿನಂತೆ ಮಾಡಿ ಕಡ್ಡಿ ಸಿಕ್ಕಿಸುತ್ತಿದ್ದರು. ಕಡ್ಡಿ ಎಳೆದರೆ ಗೊಬ್ಬರ ತನ್ನಿಂತಾನೇ ನೆಲಕ್ಕೆ. ಇಳಿಸಿ ಮಗುಚುವ ಕಷ್ಟವಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಬೆನ್ನ ಮೇಲೆ ಬುಟ್ಟಿ ಹೊತ್ತು, ನಡೆಯುತ್ತಲೇ ಕೈಯಲ್ಲಿ ಉಣ್ಣೆ ಹೆಣೆಯುವ ಹೆಂಗಸರ ಹಳೆಯ ಫೋಟೋಗಳು ಎಷ್ಟೋ ಇವೆ. ನೋಡಲು ಚೆಂದ. ಆದರೆ ದಡದಿಂದ ಮಡಿಗೆ ದಿನಕ್ಕೆ ಎಷ್ಟೋ ಸಲ ಒದ್ದೆ ಪಾಚಿ ಹೊತ್ತವರ ಬೆನ್ನು ಏನಾಗಿರಬಹುದು ಎನ್ನುವುದು ಫೋಟೋದಲ್ಲಿ ಕಾಣುವುದಿಲ್ಲ. ಗಾಡಿ ಬಂದಾಗ ಬುಟ್ಟಿಯನ್ನು ಬದಿಗಿಟ್ಟರು ಎಂದರೆ ಅದರಲ್ಲಿ ದುಃಖಪಡಲು ಏನೂ ಇಲ್ಲ.

ಮಣ್ಣೇ ಸೌದೆ

ದ್ವೀಪಗಳಲ್ಲಿ ಮರಗಳೇ ಅಪರೂಪ. ಹಾಗಾದರೆ ಒಲೆಗೆ? ಅದಕ್ಕಿದೆ ಪೀಟ್. ಜೌಗು ನೆಲದಲ್ಲಿ ನೀರು ನಿಂತು, ಚಳಿ ಸೇರಿ, ಸತ್ತ ಗಿಡಗಳು ಪೂರ್ತಿ ಕೊಳೆಯದೆ ಸಾವಿರಾರು ವರ್ಷಗಳಿಂದ ಪದರ ಪದರವಾಗಿ ಕೂತದ್ದು. ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಮಿಲಿಮೀಟರ್ ಅಷ್ಟೆ. ಕಡಿದು ಒಣಗಿಸಿದರೆ ಒಳ್ಳೆಯ ಉರುವಲು.

ಕಡಿಯುವ ಸಲಕರಣೆಯ ಹೆಸರು ಲೂಯಿಸ್‌ನಲ್ಲಿ 'ತಾರಸ್ಕರ್'. ಉದ್ದನೆಯ ಮರದ ಹಿಡಿ, ಕಾಲಿಟ್ಟು ಒತ್ತಲು ಮೆಟ್ಟು, ತುದಿಗೆ ಅಲಗು. ಇದರ ಮರ್ಮ ಇರುವುದು ಅಲಗಿನಲ್ಲಿ. ಮುಖ್ಯ ಅಲಗಿಗೆ ಲಂಬವಾಗಿ ಇನ್ನೊಂದು ಅಲಗು ಮುಂದಕ್ಕೆ ಚಾಚಿರುತ್ತದೆ. ಹಾಗಾಗಿ ಒಂದೇ ಒತ್ತಿಗೆ ಎರಡು ಬದಿ ತುಂಡಾಗುತ್ತದೆ. ಉಳಿದ ಬದಿಗಳು ಹಿಂದಿನ ತುಂಡು ಕಡಿದಾಗಲೇ ಬಿಡಿಸಿಕೊಂಡಿರುತ್ತವೆ. ಇಟ್ಟಿಗೆಯಂಥ ಒಂದೇ ಅಳತೆಯ ತುಂಡು ಪ್ರತಿಸಲವೂ ಸಿಗುತ್ತದೆ. ಒಂದೇ ಅಳತೆ ಇದ್ದರೆ ಒಟ್ಟಿಗೇ ಒಣಗುತ್ತದೆ, ಒಟ್ಟಲೂ ಸುಲಭ.

ಇಬ್ಬರ ಕೆಲಸ ಇದು. ಒಬ್ಬರು ಕಡಿಯುವುದು, ಇನ್ನೊಬ್ಬರು ಹೊಂಡದ ಬದಿಯಲ್ಲಿ ನಿಂತು ಒದ್ದೆ ತುಂಡನ್ನು ಹಿಡಿದು ದಂಡೆಗೆ ಎಸೆಯುವುದು. ಏಪ್ರಿಲ್-ಮೇಯಲ್ಲಿ ಕಡಿತ. ಮೇಲ್ಮೈ ಸ್ವಲ್ಪ ಗಟ್ಟಿಯಾದ ಮೇಲೆ ಮೂರು ನಾಲ್ಕು ತುಂಡುಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿ ಮೇಲೊಂದು ತುಂಡು ಇಡುತ್ತಾರೆ. ಗಾಳಿ ಎಲ್ಲ ಕಡೆಯಿಂದ ಆಡುತ್ತದೆ. ಬೇಸಿಗೆ ಮುಗಿಯುವುದರೊಳಗೆ ಮನೆ ಹತ್ತಿರ ತಂದು ರಾಶಿ. ರಾಶಿಯ ಹೊರಗಿನ ಸಾಲನ್ನು ಓರೆಯಾಗಿ ಜೋಡಿಸುತ್ತಾರೆ, ಮಳೆನೀರು ಜಾರಿ ಹೋಗಲಿ ಅಂತ. ಒಂದು ಮನೆಗೆ ವರ್ಷಕ್ಕೆ ಹತ್ತು ಹದಿನೈದು ಸಾವಿರ ತುಂಡುಗಳೇ ಬೇಕಾಗುತ್ತಿತ್ತು. ಒಂದೇ ಮನೆಯವರಿಂದ ಆಗುವ ಮಾತಲ್ಲ. ನೆರೆಕರೆಯವರು ಸೇರಿ ಇಂದು ಇವರದು, ನಾಳೆ ಅವರದು ಎಂದು ಮುಯ್ಯಾಳಿನಲ್ಲಿ ಮುಗಿಸುತ್ತಿದ್ದರು.

ಒಳ್ಳೆಯ ಪದ್ಧತಿ ಎಂದರೆ, ಕಡಿಯುವ ಮೊದಲು ಮೇಲಿನ ಹುಲ್ಲುಪದರವನ್ನು ಬೇರೆಯೇ ಸಲಕರಣೆಯಿಂದ ಸುಲಿದು ತೆಗೆಯುವುದು. ಅದನ್ನು ಎಸೆಯುವುದಿಲ್ಲ. ಹಿಂದಿನ ವರ್ಷ ಕಡಿದ ಹೊಂಡದ ತಳಕ್ಕೆ ಹುಲ್ಲು ಮೇಲೆ ಬರುವಂತೆ ಹಾಸುವುದು. ನೆಲ ಬೋಳಾಗಿ ಉಳಿಯುವುದಿಲ್ಲ, ದನ-ಕುರಿಗೆ ಮತ್ತೆ ಮೇವು. ಈಗ ಪೀಟ್ ನೆಲದಲ್ಲಿ ಅಡಗಿರುವ ಇಂಗಾಲದ ಬಗ್ಗೆ ಜಗತ್ತಿಗೆಲ್ಲ ಚಿಂತೆ. ಯಂತ್ರ ಹಾಕಿ ಅಗೆಯುವುದಕ್ಕೆ ವಿರೋಧವಿದೆ. ಲೂಯಿಸ್‌ನ ಕೆಲವು ಮನೆಗಳವರು ಮಾತ್ರ ಇಂದಿಗೂ ತಮ್ಮ ಪಾಲಿನ ಹೊಂಡದಲ್ಲಿ ತಾರಸ್ಕರ್ ಹಿಡಿಯುತ್ತಾರೆ. ಈ ಲೇಖನದ ಸಲಕರಣೆಗಳಲ್ಲಿ ಇನ್ನೂ ಹಟ್ಟಿಯ ಮೂಲೆ ಸೇರದೆ ದುಡಿಯುತ್ತಿರುವುದು ಇದು.

ಗೊಬ್ಬರವಾಗುವ ಮಾಡು

ಹಳೆಯ ಮನೆಗಳಿಗೆ ದಪ್ಪ ಕಲ್ಲುಗೋಡೆ, ಹುಲ್ಲಿನ ಮಾಡು. ಮನೆಮಂದಿ ಒಂದು ಕಡೆ, ದನಗಳು ಇನ್ನೊಂದು ಕಡೆ, ಮಾಡು ಒಂದೇ. ನಡುಮನೆಯ ನೆಲದ ಮೇಲೆ ಪೀಟ್ ಒಲೆ. ಚಿಮಣಿ ಇಲ್ಲ. ಹೊಗೆ ಹುಲ್ಲಿನ ಸಂದಿಯಿಂದಲೇ ಹೊರಹೋಗಬೇಕು.

ಗಾಳಿಗೆ ಮಾಡು ಹಾರದಂತೆ ಅದರ ಮೇಲೆ ಹಗ್ಗಗಳನ್ನು ಹಾಯಿಸಿ, ತುದಿಗೆ ಕಲ್ಲು ಕಟ್ಟಿ ಇಳಿಬಿಡುತ್ತಿದ್ದರು. ಹಗ್ಗ ಹೆದರ್ ಎಂಬ ಗುಡ್ಡದ ಕುರುಚಲು ಗಿಡದ್ದು ಅಥವಾ ಹುಲ್ಲಿನದು. ಹೊಸೆಯಲು ಒಂದು ಬಾಗಿದ ಕಡ್ಡಿಯ ಸಾಧನ. ಒಬ್ಬರು ಕೂತು ಹುಲ್ಲು ಕೂಡಿಸುತ್ತ ಹೋಗುವುದು, ಮತ್ತೊಬ್ಬರು ಕಡ್ಡಿ ತಿರುಗಿಸುತ್ತ ಹಿಂದೆ ಹಿಂದೆ ನಡೆಯುವುದು. ತೆಂಗಿನ ನಾರಿನ ಹಗ್ಗ ಹೊಸೆಯುವುದನ್ನು ನೋಡಿದವರಿಗೆ ಇದು ಹೊಸತಲ್ಲ.

ಲೂಯಿಸ್‌ನಲ್ಲಿ ಮಾಡಿನ ಹುಲ್ಲನ್ನು ವರ್ಷ ವರ್ಷ ತೆಗೆಯುತ್ತಿದ್ದರು. ಯಾಕೆ ಗೊತ್ತೇ? ವರ್ಷವಿಡೀ ಹೊಗೆ ಕುಡಿದು ಕಪ್ಪಾದ ಆ ಹುಲ್ಲು ಆಲೂಗೆಡ್ಡೆಗೆ ಒಳ್ಳೆಯ ಗೊಬ್ಬರ. ಮಸಿಯಲ್ಲಿ ಸಾರಜನಕವಿದೆ. ದನದ ಕಡೆಯ ಗೋಡೆ ಬಿಚ್ಚಿ, ಚಳಿಗಾಲವಿಡೀ ಒಟ್ಟಿದ ಹಟ್ಟಿಗೊಬ್ಬರ ತೆಗೆಯುವುದೂ ಅದೇ ಹೊತ್ತಿಗೆ. ಹೊಗೆ, ಹುಲ್ಲು, ಸಗಣಿ ಯಾವುದೂ ಹಾಳಾಗುವುದಿಲ್ಲ. ಆದರೆ ಆ ಹೊಗೆಯೊಳಗೇ ಮಕ್ಕಳು ಮಲಗುತ್ತಿದ್ದರು ಎಂಬುದನ್ನೂ ಮರೆಯಬಾರದು. ಲೂಯಿಸ್‌ನ ಆರ್ನೋಲ್ ಎಂಬ ಹಳ್ಳಿಯಲ್ಲಿ ಇಂಥ ಒಂದು ಮನೆಯಲ್ಲಿ 1966ರವರೆಗೂ ಜನ ವಾಸವಿದ್ದರು. ಈಗ ಅದನ್ನು ಹಾಗೆಯೇ ಕಾಪಾಡಿದ್ದಾರೆ.

ಕಡೆಗೋಲು, ಎಣ್ಣೆದೀಪ

ಅಡುಗೆಮನೆಯ ಒಂದೆರಡು ವಸ್ತು ನೋಡೋಣ. 'ಲೋನಿಡ್' ಎಂಬುದೊಂದು ಕೋಲು. ತುದಿಗೆ ಅಡ್ಡ ಕಟ್ಟಿಗೆ, ಅದರ ಸುತ್ತ ದನದ ಬಾಲದ ಕೂದಲಿನ ಬಳೆ. ನಮ್ಮ ಕಡೆಗೋಲಿನಂತೆ ಎರಡು ಅಂಗೈಗಳ ನಡುವೆ ತಿರುಗಿಸುವುದು. ಇದರಿಂದ ಬೆಣ್ಣೆ ತೆಗೆಯುವುದಲ್ಲ. ಬಿಸಿ ಹಾಲನ್ನು ಅಥವಾ ಹಾಲೊಡೆದು ಉಳಿದ ನೀರನ್ನು ಕಡೆದು ನೊರೆ ಎಬ್ಬಿಸಿ, ಆ ನೊರೆಯನ್ನು ತಿನ್ನುವುದು. ಮತ್ತೆ ಕಡೆಯುವುದು, ಮತ್ತೆ ತಿನ್ನುವುದು. ಸ್ಕೈ ದ್ವೀಪದವನೇ ಆದ ಮಾರ್ಟಿನ್ ಮಾರ್ಟಿನ್ ಎಂಬಾತ 1703ರಲ್ಲಿ ಬರೆದ ಪುಸ್ತಕದಲ್ಲಿ ಇದರ ವಿವರವಿದೆ. ಕಾಳು ಮುಗಿದು ಹೊಸ ಬೆಳೆ ಬರುವ ಮೊದಲಿನ ಬರಗಾಲದ ತಿಂಗಳುಗಳಲ್ಲಿ ಸ್ವಲ್ಪ ಹಾಲಿನಿಂದ ಹೆಚ್ಚು ಹೊಟ್ಟೆಗಳನ್ನು ಸಮಾಧಾನಪಡಿಸುವ ಉಪಾಯ ಅದು.

ದೀಪದ ಹೆಸರು 'ಕ್ರೂಸಿ'. ಒಂದರ ಕೆಳಗೊಂದು ಎರಡು ಕಬ್ಬಿಣದ ತಟ್ಟೆ. ಮೇಲಿನದರಲ್ಲಿ ಮೀನಿನ ಪಿತ್ತಕೋಶದ ಬಳಿಯ ಈಲಿಯಿಂದ ಕಾಯಿಸಿ ತೆಗೆದ ಎಣ್ಣೆ, ಜೊಂಡುಹುಲ್ಲಿನ ತಿರುಳಿನ ಬತ್ತಿ. ತೊಟ್ಟಿಕ್ಕಿದ ಎಣ್ಣೆ ಕೆಳಗಿನ ತಟ್ಟೆಗೆ. ಮೇಲಿನ ತಟ್ಟೆ ನೇತುಹಾಕುವ ಕಂಬಿಗೆ ಕಚ್ಚುಗಳಿರುತ್ತವೆ. ಎಣ್ಣೆ ಕಡಿಮೆಯಾದಂತೆ ಒಂದೊಂದೇ ಕಚ್ಚು ಬದಲಿಸಿ ತಟ್ಟೆ ಓರೆ ಮಾಡಿದರೆ ಕೊನೆಯ ಹನಿಯೂ ಬತ್ತಿಗೆ ಸಿಗುತ್ತದೆ.

ಬೀಸುಕಲ್ಲು ಒಡೆದ ಕತೆ

ಬಡಿಗೋಲು ಎರಡು ಕೋಲುಗಳದ್ದು. ಉದ್ದದ ಹಿಡಿ, ಅದಕ್ಕೆ ತೊಗಲಿನ ಪಟ್ಟಿಯಿಂದ ಕಟ್ಟಿದ ಗಿಡ್ಡ ಕೋಲು. ಬೀಸಿ ಹೊಡೆದರೆ ಗಿಡ್ಡ ಕೋಲು ಪೂರ್ತಿ ಉದ್ದಕ್ಕೆ ತೆನೆಯ ಮೇಲೆ ಬೀಳುತ್ತದೆ. ಕೊಟ್ಟಿಗೆಗೆ ಎದುರುಬದುರು ಎರಡು ಬಾಗಿಲು. ಎರಡನ್ನೂ ತೆರೆದರೆ ಗಾಳಿ ಹಾಯುತ್ತದೆ, ಒಳಗೇ ತೂರಬಹುದು. ಹೊರಗೆ ಮಳೆ ಬರುತ್ತಿದ್ದರೂ ಕೆಲಸ ನಿಲ್ಲುವುದಿಲ್ಲ. ಕಾಳು ಸರಿಯಾಗಿ ಒಣಗದ ಸೀಮೆಯಾದ್ದರಿಂದ ಬೀಸುವ ಮೊದಲು ಸಣ್ಣ ಗೂಡಿನಲ್ಲಿ ಬಿಸಿ ಕೊಟ್ಟು ಒಣಗಿಸಬೇಕಿತ್ತು.

ಅವಸರಕ್ಕೆ ಬೇರೆ ದಾರಿಯಿತ್ತು. ಕೈಹಿಡಿ ತೆನೆಗೆ ಬೆಂಕಿ ತಾಗಿಸಿ, ಹೊಟ್ಟು ಸುಟ್ಟ ಕ್ಷಣಕ್ಕೆ ಸರಿಯಾಗಿ ಕೋಲಿನಿಂದ ಬಡಿದು ಕಾಳು ಉದುರಿಸುವುದು. ತಡವಾದರೆ ಕಾಳೇ ಸುಡುತ್ತದೆ. ಕೊಯ್ದ ಒಂದು ಗಂಟೆಯೊಳಗೆ ತೂರಿ, ಬೀಸಿ, ರೊಟ್ಟಿ ಸುಡಬಹುದು ಎಂದು ಮಾರ್ಟಿನ್ ಬರೆದಿದ್ದಾನೆ. ಬೀಸುತ್ತಿದ್ದುದು ಕೈಬೀಸುಕಲ್ಲಿನಲ್ಲಿ. ಇಬ್ಬರು ಹೆಂಗಸರು ಎದುರುಬದುರು ಕೂತು, ಹಾಡು ಹೇಳುತ್ತ ಮೇಲಿನ ಕಲ್ಲು ತಿರುಗಿಸುವುದು. ನಮ್ಮ ಅಜ್ಜಿಯಂದಿರ ಹಾಗೆಯೇ.

ಆದರೆ ಈ ಬೀಸುಕಲ್ಲಿಗೆ ಶತ್ರುಗಳಿದ್ದರು. ಜಮೀನ್ದಾರ ಹೊಳೆಬದಿಯಲ್ಲಿ ನೀರಿನ ಗಿರಣಿ ಕಟ್ಟಿಸುತ್ತಿದ್ದ. ಅವನ ಒಕ್ಕಲೆಲ್ಲ ಅಲ್ಲೇ ಬೀಸಿಸಬೇಕು, ಕಾಳಿನ ಒಂದು ಪಾಲು ಗಿರಣಿಗೆ ಕೊಡಬೇಕು. ಸ್ಕಾಟ್ಲೆಂಡಿನ ಕಾನೂನಿನಲ್ಲಿ ಇದಕ್ಕೆ 'ಥರ್ಲೇಜ್' ಎಂದು ಹೆಸರು. ಮನೆಯಲ್ಲಿ ಬೀಸುಕಲ್ಲಿದ್ದರೆ ಗಿರಣಿಗೆ ಪಾಲು ತಪ್ಪುತ್ತದಲ್ಲ? ಹಾಗಾಗಿ ಬೀಸುಕಲ್ಲುಗಳನ್ನು ಹುಡುಕಿಸಿ ಒಡೆದು ಹಾಕಿಸಿದ ಪ್ರಸಂಗಗಳಿವೆ. ನೀರಿನ ಗಿರಣಿ ಹೆಂಗಸರ ತೋಳಿನ ಶ್ರಮ ಉಳಿಸಿತು, ನಿಜ. ಆದರೆ ಅದನ್ನು ಬೇಕಾದವರು ಆರಿಸಿಕೊಳ್ಳುವ ಹಾಗಿರಲಿಲ್ಲ.

ಸಲಕರಣೆ ನಮ್ಮದು, ನೆಲ ಅವರದ್ದು

ಈ ಸಲಕರಣೆಗಳ ಕತೆಯ ಮುಖ್ಯ ಗಂಟು ಇಲ್ಲೇ ಇದೆ. ಕಾಲ್ನೇಗಿಲು, ಬುಟ್ಟಿ, ಹಗ್ಗ, ಬಡಿಗೋಲು ಎಲ್ಲ ರೈತನದ್ದೇ. ಹೆಚ್ಚಿನದನ್ನು ಅವನೇ ಮಾಡಿಕೊಂಡದ್ದು. ನೆಲ ಮಾತ್ರ ಅವನದ್ದಾಗಿರಲಿಲ್ಲ.

18ನೇ ಶತಮಾನದ ಕೊನೆಯಿಂದ 19ನೇ ಶತಮಾನದ ನಡುವಿನವರೆಗೆ ಜಮೀನ್ದಾರರು ಒಕ್ಕಲುಗಳನ್ನು ಕಣಿವೆಗಳಿಂದ ಎಬ್ಬಿಸಿದರು. ಗೇಣಿಗಿಂತ ಕುರಿ ಸಾಕಣೆಯಲ್ಲಿ ಲಾಭ ಹೆಚ್ಚು ಕಂಡಿತು. ಕೆಲವರು ಹಡಗು ಹತ್ತಿ ಕೆನಡಾ, ಆಸ್ಟ್ರೇಲಿಯಾಕ್ಕೆ ಹೋದರು. ಉಳಿದವರಿಗೆ ಸಿಕ್ಕಿದ್ದು ಕರಾವಳಿಯ ಬಂಡೆನೆಲದ ತುಂಡುಗಳು. ಮೇಲೆ ಹೇಳಿದ ಚಾಪೆಯಗಲದ ಮಡಿಗಳನ್ನು ಅವರು ಇಷ್ಟಪಟ್ಟು ಮಾಡಿದ್ದಲ್ಲ. ಒಳ್ಳೆಯ ನೆಲದಿಂದ ತಳ್ಳಲ್ಪಟ್ಟು ಮಾಡಿದ್ದು.

ಮರವಿಲ್ಲದ ಸೀಮೆಯಲ್ಲಿ ಮಾಡಿನ ಪಕ್ಕಾಸು, ತೊಲೆಗಳೇ ದೊಡ್ಡ ಆಸ್ತಿ. ಸಮುದ್ರದಲ್ಲಿ ತೇಲಿಬಂದ ಮರವನ್ನೂ ಬಿಡದೆ ಕೂಡಿಸಿದ್ದು. ಮನೆ ಬದಲಿಸಿದರೆ ಕಲ್ಲುಗೋಡೆ ಬಿಟ್ಟು ಮಾಡಿನ ಮರ ಹೊತ್ತುಕೊಂಡು ಹೋಗುತ್ತಿದ್ದರು. ಒಕ್ಕಲೆಬ್ಬಿಸಲು ಬಂದವರಿಗೆ ಇದು ಗೊತ್ತಿತ್ತು. 1814ರಲ್ಲಿ ಸ್ಟ್ರಾತ್‌ನೇವರ್ ಕಣಿವೆಯಲ್ಲಿ ಮಾಡಿನ ಮರಗಳಿಗೆ ಬೆಂಕಿ ಇಟ್ಟರು. ಮರ ಸುಟ್ಟರೆ ಜನ ಹಿಂದೆ ಬಂದು ಮನೆ ಕಟ್ಟುವ ಹಾಗಿಲ್ಲ.

ತುಂಡು ನೆಲದಲ್ಲಿ ಹೊಟ್ಟೆ ತುಂಬಿಸುವ ಬೆಳೆ ಆಲೂಗೆಡ್ಡೆ ಒಂದೇ. ಎಲ್ಲರೂ ಅದನ್ನೇ ನಂಬಿದರು. 1846ರಲ್ಲಿ ಅಂಗಮಾರಿ ಬಂತು, ಗೆಡ್ಡೆ ನೆಲದಲ್ಲೇ ಕೊಳೆಯಿತು. ಮಡಿ ಸರಿಯಿತ್ತು, ಗೊಬ್ಬರ ಸರಿಯಿತ್ತು, ನೇಗಿಲೂ ಸರಿಯಿತ್ತು. ಒಂದೇ ಬೆಳೆಗೆ ಕಟ್ಟಿಬಿದ್ದ ಇಕ್ಕಟ್ಟಿಗೆ ಸಲಕರಣೆಯಲ್ಲಿ ಮದ್ದಿರಲಿಲ್ಲ. ಮತ್ತೆ ಹತ್ತು ವರ್ಷ ಕಷ್ಟ.

1882ರಲ್ಲಿ ಸ್ಕೈ ದ್ವೀಪದ ಬ್ರೇಸ್‌ನಲ್ಲಿ ಗುಡ್ಡದ ಗೋಮಾಳದ ಹಕ್ಕಿಗಾಗಿ ಕ್ರಾಫ್ಟರ್‌ಗಳು ಪೊಲೀಸರನ್ನೇ ಎದುರಿಸಿ ನಿಂತರು. ಹೆಂಗಸರೂ ಮುಂದೆಯೇ ಇದ್ದರು. 1883ರಲ್ಲಿ ಸರಕಾರ ವಿಚಾರಣಾ ಆಯೋಗ ನೇಮಿಸಿತು. 1886ರಲ್ಲಿ ಕಾಯ್ದೆ ಬಂತು. ಗೇಣಿ ಸಲ್ಲಿಸುವವರೆಗೆ ಯಾರೂ ಎಬ್ಬಿಸುವಂತಿಲ್ಲ, ನ್ಯಾಯವಾದ ಗೇಣಿ ಎಷ್ಟೆಂದು ಆಯೋಗ ಹೇಳುತ್ತದೆ, ಹಿಡುವಳಿ ಮಕ್ಕಳಿಗೆ ದಾಟುತ್ತದೆ, ಬಿಟ್ಟು ಹೋಗುವುದಾದರೆ ಮಾಡಿದ ಸುಧಾರಣೆಗೆ ಪರಿಹಾರ ಸಿಗುತ್ತದೆ.

ನೆಲ ಉಳಿಯುತ್ತದೆ ಎಂಬ ಧೈರ್ಯ ಬಂದ ಮೇಲೆ ಚಿಮಣಿ ಇರುವ ಗಟ್ಟಿ ಮನೆ ಕಟ್ಟಲು, ಬೇಲಿ ಹಾಕಲು, ಬಸಿಗಾಲುವೆ ತೆಗೆಯಲು ಅರ್ಥ ಬಂತು. ಅದಕ್ಕೂ ಮೊದಲು ಹಾಗೆ ಸುಧಾರಿಸಿದರೆ ಗೇಣಿ ಏರುವುದೊಂದೇ ಫಲವಾಗಿತ್ತು. ಹೊತ್ತುಕೊಂಡು ಹೋಗಬಹುದಾದ ಸಲಕರಣೆಗಳಲ್ಲಷ್ಟೇ ರೈತ ಬುದ್ಧಿ ಹಾಕಿದ್ದೇಕೆಂದು ಈಗ ತಿಳಿಯುತ್ತದೆ. 1993ರಲ್ಲಿ ಅಸಿಂಟ್ ಎಂಬಲ್ಲಿನ ಕ್ರಾಫ್ಟರ್‌ಗಳು ಹಣ ಕೂಡಿಸಿ ತಾವಿದ್ದ ಎಸ್ಟೇಟನ್ನೇ ಕೊಂಡರು. 2003ರ ಕಾಯ್ದೆ ಹೀಗೆ ಕೊಳ್ಳುವ ಹಕ್ಕನ್ನು ಕ್ರಾಫ್ಟರ್ ಸಮುದಾಯಗಳಿಗೆ ಕೊಟ್ಟಿತು. ಇಂದು 20 ಸಾವಿರಕ್ಕೂ ಹೆಚ್ಚು ಕ್ರಾಫ್ಟ್‌ಗಳಿವೆ. ಬರೀ ಅದರಿಂದಲೇ ಬದುಕುವವರು ಕಡಿಮೆ. ಜತೆಗೆ ಬೇರೆ ಕೆಲಸವೂ ಇರುತ್ತದೆ.

ಬರೆದಿಟ್ಟವರು ಒಬ್ಬ ಮಹಿಳೆ

ಸಲಕರಣೆ ಬದಲಾಗುವುದು ತಪ್ಪಲ್ಲ. ಬದಲಾದ ಮೇಲೆ ಹಳೆಯದು ಏನು ಮಾಡುತ್ತಿತ್ತು ಎಂಬುದೇ ಮರೆತುಹೋದರೆ ನಷ್ಟ. ಇಸಾಬೆಲ್ ಗ್ರಾಂಟ್ ಎಂಬ ಮಹಿಳೆ ಇದನ್ನು ಅರ್ಥ ಮಾಡಿಕೊಂಡಿದ್ದರು. ಹಳ್ಳಿ ಹಳ್ಳಿ ತಿರುಗಿ ಜನ ಬಿಸಾಡುತ್ತಿದ್ದ ನೇಗಿಲು, ಬುಟ್ಟಿ, ಹಾಲಿನ ಪಾತ್ರೆ, ದೀಪಗಳನ್ನು ಕೂಡಿಹಾಕಿ 1935ರಲ್ಲಿ ಐಯೋನಾ ದ್ವೀಪದ, ಬಳಕೆಯಲ್ಲಿಲ್ಲದ ಒಂದು ಚರ್ಚಿನಲ್ಲಿ ಇಟ್ಟರು. 'ಆಮ್ ಫಾಸ್ಕಗ್' ಎಂದು ಹೆಸರಿಟ್ಟರು. ಆಸರೆ ಎಂದು ಅರ್ಥ. ಮುಂದೆ ಅದೇ ಹೈಲ್ಯಾಂಡ್ ಜಾನಪದ ವಸ್ತುಸಂಗ್ರಹಾಲಯವಾಯಿತು. ಈಗ ನ್ಯೂಟನ್‌ಮೋರ್ ಎಂಬ ಊರಿನಲ್ಲಿದೆ. ವಸ್ತುವಿನ ಜತೆಗೆ ಅದು ಯಾಕೆ ಹಾಗಿದೆ, ಯಾರು ಹೇಗೆ ಬಳಸಿದರು ಎನ್ನುವುದನ್ನೂ ಅವರು ಬರೆದರು. 1961ರಲ್ಲಿ ಅದು ಪುಸ್ತಕವಾಗಿ ಬಂತು. ಇಲ್ಲವಾದರೆ ಕಾಲ್ನೇಗಿಲು ನೋಡಿದವರಿಗೆ ಗೂಟ ಬಲಕ್ಕೇ ಯಾಕೆ, ನಡೆಯುವುದು ಮುಂದಕ್ಕೋ ಹಿಂದಕ್ಕೋ ಎಂದು ತಿಳಿಯುತ್ತಿರಲಿಲ್ಲ. ಬರೀ ಡೊಂಕು ಕಟ್ಟಿಗೆ ಅಷ್ಟೆ.

ನಮ್ಮ ಅಟ್ಟದಲ್ಲೂ ಇಂಥವು ಇರಬಹುದು. ಒಲೆಗೆ ಹಾಕುವ ಮೊದಲು, ಗುಜರಿಯವನಿಗೆ ಕೊಡುವ ಮೊದಲು ಮನೆಯ ಹಿರಿಯರ ಹತ್ತಿರ ಕೂತು ಇಷ್ಟು ಕೇಳಿಕೊಳ್ಳಿ. ಇದರ ಒಂದೊಂದು ಭಾಗದ ಹೆಸರೇನು? ಯಾವ ಮರದ್ದು, ಆ ಮರವೇ ಯಾಕೆ? ಮಾಡಿದವರು ಯಾರು? ಯಾವ ತಿಂಗಳಲ್ಲಿ, ಯಾವ ನೆಲದಲ್ಲಿ ಬಳಕೆ? ಬಳಸುವವರ ಮೈಗೆ ಎಲ್ಲಿ ನೋವಾಗುತ್ತಿತ್ತು? ಯಾವಾಗ ನಿಂತಿತು, ಯಾಕೆ ನಿಂತಿತು? ಒಂದು ನೋಟ್‌ಪುಸ್ತಕ, ಒಂದು ಫೋಟೋ, ಅರ್ಧ ದಿನ ಸಾಕು. ಕೊನೆಯ ಪ್ರಶ್ನೆಗೆ ಉತ್ತರ ಬರೆಯಲು ಸ್ವಲ್ಪ ಹೆಚ್ಚು ಜಾಗ ಬಿಡಿ. ಹೆಚ್ಚಿನ ಸಲ ಆ ಉತ್ತರದಲ್ಲಿ ಸಲಕರಣೆಗಿಂತ ನೆಲದ ಸುದ್ದಿಯೇ ಜಾಸ್ತಿ ಇರುತ್ತದೆ.